ಸಮಾಜಕಾರ್ಯದ ಐದು ವರ್ಷದ ಓದು: ಪಿಯುಸಿ ಮಕ್ಕಳು, ಅವರ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಫಲಿತಾಂಶ ಬಂದ ವಾರ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ಅಕ್ಕನ ಮಗನ ಗೆಳೆಯ, ಊರಿನ ಮೇಷ್ಟ್ರ ಮಗಳು, ಹಿಂದೆ ನನ್ನ ಹತ್ತಿರ ಫೀಲ್ಡ್ ವರ್ಕ್ ಮಾಡಿದ ಹುಡುಗಿಯ ತಮ್ಮ, ಹೀಗೆ ಒಬ್ಬರಾದ ಮೇಲೆ ಒಬ್ಬರು. ನಾನು ಬಿಎಸ್‌ಡಬ್ಲ್ಯು (ಸಮಾಜಕಾರ್ಯದ ಪದವಿ), ಎಂಎಸ್‌ಡಬ್ಲ್ಯು (ಅದರ ಸ್ನಾತಕೋತ್ತರ ಪದವಿ) ಎರಡೂ ಓದಿದವನು. ಈಗ ಒಂದು ಸಂಸ್ಥೆಯಲ್ಲಿ ಕೆಲಸ ಮಾಡುತ್ತಾ, ಕಾಲೇಜುಗಳಿಂದ ಬರುವ ಮಕ್ಕಳಿಗೆ ಏಜೆನ್ಸಿ ಸೂಪರ್‌ವೈಸರ್, ಅಂದರೆ ಸಂಸ್ಥೆಯ ಕಡೆಯಿಂದ ಅವರ ಫೀಲ್ಡ್ ವರ್ಕ್ ನೋಡಿಕೊಳ್ಳುವವನು, ಆಗಿದ್ದೇನೆ. ಅವರು ಕೇಳಿದ್ದನ್ನೇ ಕೇಳುತ್ತಾರೆ, ನಾನು ಹೇಳಿದ್ದನ್ನೇ ಹೇಳುತ್ತೇನೆ. ಎಲ್ಲ ಒಂದು ಕಡೆ ಬರೆದಿಟ್ಟರೆ ಇಬ್ಬರಿಗೂ ಅನುಕೂಲ, ಅಲ್ವಾ?

ಸಮಾಜಕಾರ್ಯ ಅಂದ್ರೆ ಸಮಾಜಸೇವೆ ತಾನೇ? ಅದಕ್ಕೆ ಐದು ವರ್ಷ ಓದಬೇಕಾ?

ಎರಡೂ ಒಂದೇ ಅಲ್ಲ. ಇದು ಗೊತ್ತಾಗದೆ ಸೇರಿದವರೇ ಮೊದಲ ವರ್ಷದಲ್ಲಿ ಜಾಸ್ತಿ ಒದ್ದಾಡುವುದು.

ಒಂದು ಕೇಸ್ ಹೇಳುತ್ತೇನೆ. ನನ್ನ ಹತ್ತಿರ ಬಂದಿದ್ದ ಒಬ್ಬ ವಿದ್ಯಾರ್ಥಿನಿಗೆ ಮಂಡಿಯಲ್ಲಿ ಮೂಟೆ ಹೊರುವ ಒಬ್ಬ ಹಮಾಲರ ಮನೆ ಸಿಕ್ಕಿತ್ತು. ಅವರಿಗೆ ಟಿಬಿ. ಆರು ತಿಂಗಳು ತಪ್ಪದೆ ಮಾತ್ರೆ ನುಂಗಬೇಕು. ಎರಡನೇ ತಿಂಗಳಿಗೇ ಬಿಟ್ಟಿದ್ದರು. ಈ ಹುಡುಗಿ ಹೋಗಿ ಹತ್ತು ನಿಮಿಷ ಬುದ್ಧಿ ಹೇಳಿ ಬಂದಳು. ಅವರು ಹೂಂ ಹೂಂ ಅಂದರು. ಮುಂದಿನ ವಾರ ನೋಡಿದರೆ ಮಾತ್ರೆ ಇದ್ದಲ್ಲೇ ಇತ್ತು. ನಾನು ಅವಳಿಗೆ ಕೇಳಿದ್ದು, "ಅವರು ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತಾರೆ?" (ಇದು ನನ್ನ ಪ್ರಶ್ನೆಯಲ್ಲ, ನನ್ನ ಮೇಡಂ ನನಗೆ ಕೇಳುತ್ತಿದ್ದದ್ದು.) ಅವಳಿಗೆ ಗೊತ್ತಿರಲಿಲ್ಲ. ಹೋಗಿ ವಿಚಾರಿಸಿದಳು. ನಾಲ್ಕಕ್ಕೆ ಏಳುತ್ತಾರೆ, ಖಾಲಿ ಹೊಟ್ಟೆಗೆ ಮಾತ್ರೆ ನುಂಗಿ ಲಾರಿ ಇಳಿಸಲು ಹೋಗುತ್ತಾರೆ, ಹೊಟ್ಟೆ ತೊಳಸಿ ವಾಂತಿ ಆಗುತ್ತದೆ. ಮೂಟೆ ಹೊರದಿದ್ದರೆ ಅವತ್ತಿನ ಕೂಲಿ ಇಲ್ಲ. ಮಾತ್ರೆ ಬಿಡದೆ ಇನ್ನೇನು ಮಾಡಿಯಾರು?

ಆಮೇಲೆ ಅವಳು ಮಾಡಿದ್ದು ಬೇರೆ ಕೆಲಸ. ಆಸ್ಪತ್ರೆಯವರ ಹತ್ತಿರ ಮಾತಾಡಿ ಮಾತ್ರೆಯ ಹೊತ್ತು ಬದಲಾಯಿಸಿಕೊಂಡಳು. ಟಿಬಿ ರೋಗಿಗಳ ಊಟಕ್ಕೆ ಅಂತ ಸರ್ಕಾರ ಕೊಡುವ ದುಡ್ಡು ಅವರ ಖಾತೆಗೆ ಯಾಕೆ ಬರುತ್ತಿಲ್ಲ ಅಂತ ಎರಡು ದಿನ ಬ್ಯಾಂಕಿಗೆ ಅಲೆದಳು. ಮೊದಲು ತಿಂಗಳಿಗೆ 500 ಇದ್ದ ಆ ದುಡ್ಡು 2024ರ ನವೆಂಬರ್‌ನಿಂದ 1,000 ರೂಪಾಯಿ ಆಗಿದೆ. ಆ ಮನೆಗೆ ಒಂದು ಮೂಟೆ ಅಕ್ಕಿ ಕೊಟ್ಟು ಬಂದಿದ್ದರೆ ಅದು ಸಮಾಜಸೇವೆ. ತಪ್ಪೇನಿಲ್ಲ, ಒಳ್ಳೆಯದೇ. ಆದರೆ ಅದಕ್ಕೆ ಡಿಗ್ರಿ ಬೇಕಿಲ್ಲ.

ಇಂಟಿಗ್ರೇಟೆಡ್ ಅಂದ್ರೆ ಏನು? ಬಿಎಸ್‌ಡಬ್ಲ್ಯು ಮುಗಿಸಿ ಎಂಎಸ್‌ಡಬ್ಲ್ಯು ಮಾಡಿದ್ರೆ ಅದೇ ಆಗಲ್ವಾ?

ಪಿಯುಸಿ ಆದ ಮೇಲೆ ಒಂದು ಸಲ ಸೇರಿದರೆ ಪದವಿ, ಸ್ನಾತಕೋತ್ತರ ಎರಡನ್ನೂ ಮುಗಿಸಿಕೊಂಡೇ ಹೊರಬರುವ ಐದು ವರ್ಷದ ಕೋರ್ಸಿಗೆ ಇಂಟಿಗ್ರೇಟೆಡ್ ಅನ್ನುತ್ತಾರೆ. ನಡುವೆ ಇನ್ನೊಂದು ಪ್ರವೇಶ ಪರೀಕ್ಷೆ, ಇನ್ನೊಂದು ಸೀಟಿನ ಚಿಂತೆ ಇರುವುದಿಲ್ಲ.

ನಮ್ಮ ರಾಜ್ಯದಲ್ಲಿ ಹೆಚ್ಚಿನವರು ಓದುವುದು ಬಿಡಿ ಬಿಡಿಯಾಗಿ. ಮೂರು ವರ್ಷ ಬಿಎಸ್‌ಡಬ್ಲ್ಯು, ಆಮೇಲೆ ಎರಡು ವರ್ಷ ಎಂಎಸ್‌ಡಬ್ಲ್ಯು. ಕಲಿಯುವುದರಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ನನ್ನ ಕೇಳಿದರೆ ಬಿಡಿಯಾಗಿ ಓದುವುದರಲ್ಲಿ ಒಂದು ಲಾಭವೇ ಇದೆ. ಮೂರು ವರ್ಷ ಆದ ಮೇಲೆ ಊರು ಬದಲಾಯಿಸಬಹುದು, ಬೇರೆ ಮೇಷ್ಟ್ರುಗಳನ್ನು ನೋಡಬಹುದು. ಬೇಡ ಅನಿಸಿದರೆ ಡಿಗ್ರಿ ಹಿಡಿದುಕೊಂಡು ಬೇರೆ ದಾರಿಗೂ ಹೋಗಬಹುದು. 17 ವರ್ಷದ ಹುಡುಗನಿಗೆ ಐದು ವರ್ಷದ ಆಮೇಲಿನ ಮನಸ್ಸು ಹೇಗೆ ಗೊತ್ತಿರುತ್ತದೆ?

ಇಂಟಿಗ್ರೇಟೆಡ್‌ಗೇ ಸೇರುವುದಾದರೆ ಎರಡು ವಿಷಯ ಬರಹದಲ್ಲಿ ಕೇಳಿಕೊಳ್ಳಿ. ಮೂರು ವರ್ಷಕ್ಕೆ ಬಿಟ್ಟರೆ ಡಿಗ್ರಿ ಕೊಡುತ್ತಾರಾ ಇಲ್ವಾ? ಕೊನೆಗೆ ಕೊಡುವ ಪ್ರಮಾಣಪತ್ರದ ಮೇಲೆ ಏನು ಅಂತ ಬರೆದಿರುತ್ತದೆ? ನೇಮಕಾತಿ ಪ್ರಕಟಣೆಯಲ್ಲಿ "ಎಂಎಸ್‌ಡಬ್ಲ್ಯು" ಅಂತ ಇದ್ದು ನಿಮ್ಮ ಕಾಗದದಲ್ಲಿ ಬೇರೆ ಹೆಸರಿದ್ದರೆ, ಅದು ಸಮಾನ ಅಂತ ಒಪ್ಪಿಸಲು ಕಚೇರಿ ಕಚೇರಿ ಅಲೆಯಬೇಕಾಗುತ್ತದೆ.

ಮೂರು ವರ್ಷವೋ ನಾಲ್ಕು ವರ್ಷವೋ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಗೊಂದಲ ಆಗುವುದು ಸಹಜ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಅಂತ ರಾಜ್ಯದಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ತಂದರು. 2024ರ ಮೇನಲ್ಲಿ ಸರ್ಕಾರ ಅದನ್ನು ಕೈಬಿಟ್ಟು ಮೂರು ವರ್ಷಕ್ಕೇ ಮರಳಿತು. ಹಾಗಾಗಿ ನಿಮ್ಮ ಅಣ್ಣ ಓದಿದ್ದೇ ಬೇರೆ, ನೀವು ಓದುವುದೇ ಬೇರೆ ಆಗಿರಬಹುದು. ಹೊರರಾಜ್ಯದಲ್ಲಿ, ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ್ದು ಇದ್ದರೆ ಸ್ನಾತಕೋತ್ತರ ಒಂದೇ ವರ್ಷಕ್ಕೆ ಮುಗಿಯಬಹುದು. ಹೇಗೆ ಕೂಡಿದರೂ ಐದೇ.

ಪಿಯುಸಿಯಲ್ಲಿ ಆರ್ಟ್ಸ್ ಆಗಿರಬೇಕಾ?

ಇಲ್ಲ. ಸೈನ್ಸ್, ಕಾಮರ್ಸ್ ಯಾವುದಾದರೂ ನಡೆಯುತ್ತದೆ.

ಯಾವ ಡಿಗ್ರಿ ಓದಿದ್ರೂ ಎಂಎಸ್‌ಡಬ್ಲ್ಯು ಸಿಗುತ್ತಂತೆ. ಹಾಗಾದ್ರೆ ಬಿಎಸ್‌ಡಬ್ಲ್ಯು ಯಾಕೆ ಬೇಕು?

ಇದು ಒಳ್ಳೆಯ ಪ್ರಶ್ನೆ. ಹೌದು, ಬಿಎ, ಬಿಕಾಂ, ಬಿಎಸ್ಸಿ ಮಾಡಿದವರನ್ನೂ ಎಂಎಸ್‌ಡಬ್ಲ್ಯುಗೆ ತೆಗೆದುಕೊಳ್ಳುತ್ತಾರೆ. ಬೇಕಾದ ಅಂಕ ಆಯಾ ವಿಶ್ವವಿದ್ಯಾಲಯದ್ದು ಬೇರೆ ಬೇರೆ.

ಬಿಎಸ್‌ಡಬ್ಲ್ಯುನಿಂದ ಆಗುವ ಲಾಭ ಒಂದೇ, ಆದರೆ ದೊಡ್ಡದು. ಮೂರು ವರ್ಷ ಮೊದಲೇ ಜನರ ನಡುವೆ ಓಡಾಡಿರುತ್ತೀರಿ. ಬಿಕಾಂನಿಂದ ಬಂದ ಜಾಣ ಹುಡುಗರು ಥಿಯರಿಯನ್ನು ಎರಡು ತಿಂಗಳಲ್ಲಿ ಹಿಡಿದುಬಿಡುತ್ತಾರೆ. ಆದರೆ ಗುರುತಿಲ್ಲದವರ ಮನೆ ಮುಂದೆ ನಿಂತು ಬಾಯಿ ಬಿಡಲು ಅವರಿಗೆ ಒಂದು ಸೆಮಿಸ್ಟರ್ ಬೇಕು. ಬಿಎಸ್‌ಡಬ್ಲ್ಯುನವರಿಗೆ ಆ ನಡುಕ ಆಗಲೇ ಇಳಿದಿರುತ್ತದೆ. ಇದರ ಇನ್ನೊಂದು ಮುಖವನ್ನೂ ಹೇಳಬೇಕು. "ನಮಗೆಲ್ಲಾ ಗೊತ್ತು" ಅನ್ನುವ ಸೋಮಾರಿತನ ಬರುವುದೂ ಬಿಎಸ್‌ಡಬ್ಲ್ಯುನವರಿಗೇ.

ಎಲ್ಲಿ ಓದಬಹುದು?

ದೇಶದಲ್ಲಿ ಈ ಓದು ಶುರುವಾದದ್ದು 1936ರಲ್ಲಿ, ಬೊಂಬಾಯಿಯಲ್ಲಿ. ಸರ್ ದೊರಾಬ್ಜಿ ಟಾಟಾ ಹೆಸರಿನ ಸಮಾಜಕಾರ್ಯ ಶಾಲೆ ಅದು. ಅದೇ ಇವತ್ತಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಎಲ್ಲರ ಬಾಯಲ್ಲಿ ಟಿಸ್. ಸೊಲ್ಲಾಪುರದ ಆಚೆ ತುಳಜಾಪುರದಲ್ಲಿ ಅವರದ್ದೊಂದು ಗ್ರಾಮೀಣ ಕ್ಯಾಂಪಸ್ ಇದೆ. ಹೌದು, ನಮ್ಮ ಉತ್ತರ ಕರ್ನಾಟಕದವರು ಅಂಬಾಭವಾನಿಗೆ ನಡೆದು ಹೋಗುವ ಅದೇ ತುಳಜಾಪುರ. ಪಿಯುಸಿ ಆದವರಿಗೆ ಬಿಎ, ಎಂಎ ಸೇರಿಸಿದ ಇಂಟಿಗ್ರೇಟೆಡ್ ಕೋರ್ಸನ್ನು ಅವರು ಅಲ್ಲಿ ನಡೆಸಿದ್ದಾರೆ. ಪದವಿಗೆ ಸೇರಲು ಸಿಯುಇಟಿ ಅನ್ನುವ ದೇಶಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಕೋರ್ಸಿನ ರೂಪ ಆಗಾಗ ಬದಲಾಗಿದೆ, ಆ ವರ್ಷದ ಪ್ರಕಟಣೆ ನೋಡಿಯೇ ಹೊರಡಿ.

ನಮ್ಮಲ್ಲಿ ಹಳೆಯದು, ಹೆಸರಾದದ್ದು ಮಂಗಳೂರಿನ ರೋಶನಿ ನಿಲಯ. 1960ರಿಂದ ಇದೆ, ಕ್ರೈಸ್ತ ಸನ್ಯಾಸಿನಿಯರು ಕಟ್ಟಿದ್ದು. ಬಿಎಸ್‌ಡಬ್ಲ್ಯು, ಎಂಎಸ್‌ಡಬ್ಲ್ಯು ಎರಡೂ ಅಲ್ಲಿವೆ. ಬೆಂಗಳೂರು, ಮೈಸೂರು, ಧಾರವಾಡದ ವಿಶ್ವವಿದ್ಯಾಲಯಗಳ ಸಮಾಜಕಾರ್ಯ ವಿಭಾಗಗಳು ಹಳೆಯವು. ತುಮಕೂರು, ಕುವೆಂಪು, ದಾವಣಗೆರೆ, ಗುಲ್ಬರ್ಗ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಇಲ್ಲೆಲ್ಲಾ ಎಂಎಸ್‌ಡಬ್ಲ್ಯು ಇದೆ. ಬಿಎಸ್‌ಡಬ್ಲ್ಯು ಹಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲೂ ಸಿಗುತ್ತದೆ, ಫೀಸು ತೀರಾ ಕಡಿಮೆ.

ಹೆಸರು ನೋಡಿ ಮರುಳಾಗಬೇಡಿ. ಮುಂದಿನ ಉತ್ತರ ಓದಿ.

ಕಾಲೇಜು ಒಳ್ಳೆಯದೋ ಇಲ್ವೋ ಅಂತ ಹೇಗೆ ತಿಳಿಯೋದು?

ಕಟ್ಟಡ ನೋಡಬೇಡಿ, ಫೀಲ್ಡ್ ವರ್ಕ್ ನೋಡಿ. ಹೋಗಿ ಎರಡನೇ ವರ್ಷದ ಮಕ್ಕಳನ್ನು ಕ್ಯಾಂಟೀನಿನಲ್ಲಿ ಹಿಡಿದು ಕೇಳಿ: ವಾರಕ್ಕೆ ಎಷ್ಟು ದಿನ ಫೀಲ್ಡ್‌ಗೆ ಹೋಗ್ತೀರಿ? ಎಲ್ಲಿಗೆ? ಐಸಿ ನಡೆಯುತ್ತಾ?

ಐಸಿ ಅಂದರೆ ಇಂಡಿವಿಜುವಲ್ ಕಾನ್ಫರೆನ್ಸ್. ವಾರಕ್ಕೊಮ್ಮೆ ಮೇಷ್ಟ್ರು ನಿಮ್ಮೊಬ್ಬರನ್ನೇ ಕೂರಿಸಿಕೊಂಡು, ನಿಮ್ಮ ರಿಪೋರ್ಟ್ ಮುಂದಿಟ್ಟುಕೊಂಡು, "ಇಲ್ಲಿ ಯಾಕೆ ಹೀಗೆ ಮಾಡಿದೆ" ಅಂತ ಕೇಳುವ ಹೊತ್ತು. ಹಾಗೇ ಜಿಸಿ, ಅಂದರೆ ಗ್ರೂಪ್ ಕಾನ್ಫರೆನ್ಸ್. ಅಲ್ಲಿ ಒಬ್ಬರು ತಮ್ಮ ಕೇಸ್ ಮಂಡಿಸುತ್ತಾರೆ, ಉಳಿದವರು ಪ್ರಶ್ನೆ ಹಾಕುತ್ತಾರೆ. ಈ ಎರಡು ನಡೆಯದ ಕಾಲೇಜಿನಲ್ಲಿ ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ನಿಮಗೆ ಸಿಗುವುದು ಕಾಗದ ಮಾತ್ರ.

ನಾನೇ ಮೋಸ ಹೋದವನು. ನಾನು ಸೇರಿದ ಮೊದಲ ಕಾಲೇಜಿನಲ್ಲಿ ಒಂದಿಡೀ ಸೆಮಿಸ್ಟರ್ ನಮ್ಮನ್ನು ಒಂದು ಕಚೇರಿಗೆ ಕಳಿಸಿ ಫೈಲ್ ಜೋಡಿಸಲು ಹಚ್ಚಿದರು. ರಿಪೋರ್ಟಿಗೆ ಹಿಂದಿನ ವರ್ಷದವರದ್ದು ನೋಡಿ ಬರೆಯಿರಿ ಅಂದರು. ನಾವೂ ಖುಷಿಯಾಗಿ ಬರೆದೆವು. ಅಂಕ 82 ಬಂತು. ಎಂಎಸ್‌ಡಬ್ಲ್ಯುಗೆ ಬೇರೆ ಕಡೆ ಹೋದಾಗ ಮೊದಲ ಐಸಿಯಲ್ಲೇ ಬಣ್ಣ ಬಯಲಾಯಿತು.

ಫೀಲ್ಡ್ ವರ್ಕ್‌ನಲ್ಲಿ ನಿಜವಾಗಿ ಏನು ಮಾಡಿಸ್ತಾರೆ?

ಸಾಮಾನ್ಯವಾಗಿ ವಾರಕ್ಕೆ ಎರಡು ದಿನ. ಮೊದಲು ಒಂದಷ್ಟು ಕಡೆ ಸುಮ್ನೆ ನೋಡಿಕೊಂಡು ಬರುವುದು: ಬಾಲಮಂದಿರ, ವೃದ್ಧಾಶ್ರಮ, ಆಸ್ಪತ್ರೆ, ಪಂಚಾಯಿತಿ. ಅದನ್ನು ಓರಿಯಂಟೇಶನ್ ವಿಸಿಟ್ ಅನ್ನುತ್ತಾರೆ. ಆಮೇಲೆ ಒಂದು ಏಜೆನ್ಸಿಗೋ ಒಂದು ಬಡಾವಣೆಗೋ ಹಾಕುತ್ತಾರೆ. ಸೆಮಿಸ್ಟರ್ ಪೂರ್ತಿ ಅಲ್ಲೇ.

ಮೊದಲ ಮೂರು ವಾರ ಏನೂ ಆಗುವುದಿಲ್ಲ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ. "ಲೋನ್ ಕೊಡ್ತೀರಾ?" ಅಂತ ಕೇಳುತ್ತಾರೆ. "ಸೆನ್ಸಸ್‌ನವರಾ?" ಅನ್ನುತ್ತಾರೆ. ಇಲ್ಲ ಅಂದರೆ ಬಾಗಿಲು ಹಾಕಿಕೊಳ್ಳುತ್ತಾರೆ. ನೀವು ಅಂಗನವಾಡಿಯ ಕಟ್ಟೆ ಮೇಲೆ ಕೂತು ಸಂಜೆ ಬಸ್ ಹತ್ತುತ್ತೀರಿ. ರಿಪೋರ್ಟಿನಲ್ಲಿ ಏನು ಬರೆಯಲಿ ಅಂತ ತಲೆ ಕೆಡುತ್ತದೆ. ನಾಲ್ಕನೇ ವಾರ ಒಂದು ಅಜ್ಜಿ ತಾನಾಗಿ ಕರೆದು, ಎರಡು ವರ್ಷದಿಂದ ನಿಂತುಹೋದ ಪಿಂಚಣಿಯ ಕಾಗದ ತೋರಿಸುತ್ತಾಳೆ. ಅಲ್ಲಿಂದ ಶುರು. ಆ ಪಿಂಚಣಿ ನಾಡಕಚೇರಿಯಲ್ಲಿ ಎಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕುವಷ್ಟರಲ್ಲಿ ಸರ್ಕಾರ ಹೇಗೆ ಕೆಲಸ ಮಾಡುತ್ತದೆ, ಹೇಗೆ ಮಾಡುವುದಿಲ್ಲ ಎರಡೂ ಗೊತ್ತಾಗುತ್ತದೆ. ತರಗತಿಯಲ್ಲಿ ಇದನ್ನು ಕಲಿಸಲು ಆಗುವುದಿಲ್ಲ.

ಇದಲ್ಲದೆ ವರ್ಷಕ್ಕೊಮ್ಮೆ ಹಳ್ಳಿಯಲ್ಲಿ ಸುಮಾರು ಒಂದು ವಾರದ ಕ್ಯಾಂಪ್ ಇರುತ್ತದೆ. ಅಡುಗೆ, ಶ್ರಮದಾನ, ಬೀದಿ ನಾಟಕ, ಮನೆ ಮನೆ ಸರ್ವೆ, ರಾತ್ರಿ ಜಗಳ. ಎಲ್ಲ ಸೇರಿ ಒಂದು ಪೇಪರಿನಷ್ಟು ಪಾಠ. ಎಂಎಸ್‌ಡಬ್ಲ್ಯು ಕೊನೆಗೆ ಬ್ಲಾಕ್ ಪ್ಲೇಸ್‌ಮೆಂಟ್, ಅಂದರೆ ಸುಮಾರು ಒಂದು ತಿಂಗಳು ಪೂರ್ತಿ ಒಂದೇ ಸಂಸ್ಥೆಯಲ್ಲಿ ಕೆಲಸ. ಎಷ್ಟೋ ಜನಕ್ಕೆ ಮೊದಲ ನೌಕರಿ ಸಿಗುವುದು ಇಲ್ಲೇ.

ಇದೆಲ್ಲ ಬರೀ ಮಕ್ಕಳಾಟ ಅನಿಸಿದರೆ 1098 ನೆನಪಿಸಿಕೊಳ್ಳಿ. ಕಷ್ಟದಲ್ಲಿರುವ ಮಕ್ಕಳಿಗಾಗಿ ಇರುವ ಆ ಚೈಲ್ಡ್‌ಲೈನ್ 1996ರಲ್ಲಿ ಮುಂಬೈನಲ್ಲಿ ಟಿಸ್‌ನ ಒಂದು ಕ್ಷೇತ್ರ ಯೋಜನೆಯಾಗಿ ಹುಟ್ಟಿದ್ದು. ಪೊಲೀಸ್ ಠಾಣೆಯೊಳಗೇ ಹೆಂಗಸರಿಗೆ ನೆರವಾಗುವ ವಿಶೇಷ ಘಟಕ 1984ರಲ್ಲಿ ಶುರುವಾದದ್ದೂ ಅದೇ ಸಂಸ್ಥೆಯಿಂದ.

ಹುಡುಗಿಯರನ್ನ ಸ್ಲಮ್ಮಿಗೆಲ್ಲಾ ಕಳಿಸ್ತಾರಂತೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ?

ಅಪ್ಪ ಅಮ್ಮ ಕೇಳುವ ಮೊದಲ ಪ್ರಶ್ನೆ ಇದೇ. ಒಬ್ಬರನ್ನೇ ಕಳಿಸುವುದು ಕಡಿಮೆ, ಇಬ್ಬರು ಮೂವರು ಒಟ್ಟಿಗೆ ಹೋಗುತ್ತಾರೆ. ಕತ್ತಲಾಗುವ ಮುಂಚೆ ಮುಗಿಸುತ್ತಾರೆ. ನನ್ನ ಅನುಭವದಲ್ಲಿ ಬಡವರ ಬೀದಿಯಲ್ಲಿ ಹುಡುಗಿಯರಿಗೆ ತೊಂದರೆ ಆದದ್ದು ತೀರಾ ಅಪರೂಪ. ತೊಂದರೆ ಬಂದದ್ದು ಜಾಸ್ತಿ ಎಲ್ಲಿಂದ ಅಂದರೆ ಕಚೇರಿಗಳಿಂದ. ಫ್ಯಾನ್ ಕೆಳಗೆ ಕೂತು "ನಂಬರ್ ಕೊಡಮ್ಮಾ" ಅನ್ನುವ ದೊಡ್ಡ ಮನುಷ್ಯರಿಂದ.

ಹಾಗಾದಾಗ ಏನು ಮಾಡಬೇಕು ಅಂತ ಗೊತ್ತಿರಲಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2015ರ ನಿಯಮಗಳ ಪ್ರಕಾರ ಲೈಂಗಿಕ ಕಿರುಕುಳದ ವಿಷಯದಲ್ಲಿ ಕ್ಯಾಂಪಸ್ ಅಂದರೆ ಕಾಂಪೌಂಡಿನ ಒಳಗೆ ಮಾತ್ರ ಅಲ್ಲ. ಫೀಲ್ಡ್ ಟ್ರಿಪ್, ಇಂಟರ್ನ್‌ಶಿಪ್, ಸ್ಟಡಿ ಟೂರ್, ಕ್ಯಾಂಪ್ ಎಲ್ಲ ಅದರೊಳಗೆ ಬರುತ್ತದೆ. ಅಲ್ಲಿ ಆದದ್ದಕ್ಕೂ ಕಾಲೇಜಿನ ಆಂತರಿಕ ಸಮಿತಿಗೆ ದೂರು ಕೊಡಬಹುದು. "ಹೊರಗಡೆ ಆಗಿದ್ದು, ನಮಗೆ ಸಂಬಂಧ ಇಲ್ಲ" ಅಂತ ಹೇಳುವ ಹಾಗಿಲ್ಲ.

ಇಂಗ್ಲಿಷ್ ಅಷ್ಟಕ್ಕಷ್ಟೇ. ಆಗುತ್ತಾ?

ಆಗುತ್ತದೆ. ಎಷ್ಟೋ ಕಡೆ ಪರೀಕ್ಷೆಯನ್ನೂ ರಿಪೋರ್ಟನ್ನೂ ಕನ್ನಡದಲ್ಲಿ ಬರೆಯಲು ಬಿಡುತ್ತಾರೆ. ಸೇರುವ ಮುಂಚೆ ಕೇಳಿ ಖಚಿತ ಮಾಡಿಕೊಳ್ಳಿ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿದ್ದ ಪ್ರೊಫೆಸರ್ ಎಚ್.ಎಂ. ಮರುಳಸಿದ್ಧಯ್ಯ ಅವರು ಈ ವಿಷಯವನ್ನು ಕನ್ನಡದಲ್ಲೇ ಬರೆದು, ಪದಗಳನ್ನು ಕಟ್ಟಿಕೊಟ್ಟು ಹೋಗಿದ್ದಾರೆ. ಗ್ರಂಥಾಲಯದಲ್ಲಿ ಅವರ ಪುಸ್ತಕ ಹುಡುಕಿ.

ಆದರೂ ಒಂದು ಮಾತು. ಪುಸ್ತಕ, ಯೋಜನೆಯ ಮಾರ್ಗಸೂಚಿ, ದೊಡ್ಡ ಸಂಸ್ಥೆಗಳ ಮೇಲ್ ಎಲ್ಲ ಇಂಗ್ಲಿಷಿನಲ್ಲೇ. ಐದು ವರ್ಷದಲ್ಲಿ ಓದಿ ಅರ್ಥ ಮಾಡಿಕೊಳ್ಳುವಷ್ಟು, ಒಂದು ಪುಟ ತಪ್ಪಿಲ್ಲದೆ ಬರೆಯುವಷ್ಟು ಕಲಿತುಕೊಳ್ಳಿ. ಫೀಲ್ಡ್‌ನಲ್ಲಿ ಮಾತ್ರ ಕನ್ನಡ ಚೆನ್ನಾಗಿ ಬಲ್ಲವರದ್ದೇ ಮೇಲುಗೈ. ಉರ್ದು, ತೆಲುಗು, ಲಂಬಾಣಿ ನಾಲ್ಕು ಮಾತು ಬಂದರಂತೂ ಕೇಳುವುದೇ ಬೇಡ.

ಪಾಠದಲ್ಲಿ ಏನಿರುತ್ತೆ?

ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಸ್ವಲ್ಪ ಕಾನೂನು, ಸಂಶೋಧನೆ. ನಡುಗಂಬ ಅಂದರೆ ಆರು ವಿಧಾನಗಳು: ಒಬ್ಬ ವ್ಯಕ್ತಿಯ ಜೊತೆ ಕೆಲಸ, ಗುಂಪಿನ ಜೊತೆ ಕೆಲಸ, ಸಮುದಾಯ ಸಂಘಟನೆ, ಕಲ್ಯಾಣ ಆಡಳಿತ, ಸಾಮಾಜಿಕ ಕ್ರಿಯೆ, ಸಮಾಜಕಾರ್ಯ ಸಂಶೋಧನೆ. ಹೆಸರುಗಳನ್ನು ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆಯಬಹುದು.

ಸೋಷಿಯಾಲಜಿಗೂ ಇದಕ್ಕೂ ಏನು ವ್ಯತ್ಯಾಸ?

ಊರಿನಲ್ಲಿ ಎರಡು ಬಾವಿ ಯಾಕಿವೆ ಅಂತ ವಿವರಿಸುವುದು ಸೋಷಿಯಾಲಜಿ. ಆ ಊರಿನಲ್ಲಿ ಎಲ್ಲರೂ ಒಂದೇ ನಲ್ಲಿಯಲ್ಲಿ ನೀರು ಹಿಡಿಯುವ ಹಾಗೆ ಮಾಡಲು ಯಾರ ಹತ್ತಿರ ಮೊದಲು ಮಾತಾಡಬೇಕು ಅಂತ ತಲೆ ಕೆಡಿಸಿಕೊಳ್ಳುವುದು ಸಮಾಜಕಾರ್ಯ.

ಎಂಎಸ್‌ಡಬ್ಲ್ಯುನಲ್ಲಿ ಯಾವ ಸ್ಪೆಷಲೈಸೇಶನ್ ತಗೋಬೇಕು?

ಸಾಮಾನ್ಯವಾಗಿ ಸಿಗುವುದು ವೈದ್ಯಕೀಯ ಮತ್ತು ಮನೋವೈದ್ಯಕೀಯ, ಸಮುದಾಯ ಅಭಿವೃದ್ಧಿ, ಕುಟುಂಬ ಮತ್ತು ಮಕ್ಕಳು, ಆಮೇಲೆ ಎಚ್‌ಆರ್. ಅರ್ಧ ಕ್ಲಾಸು ಎಚ್‌ಆರ್‌ಗೆ ಓಡುತ್ತದೆ. ಕಂಪನಿ, ಸಂಬಳ, ಬೆಂಗಳೂರು. ನಾನು ಬೈಯುವುದಿಲ್ಲ. ಮನೆಯಲ್ಲಿ ಸಾಲ ಇದ್ದವರಿಗೆ ಅದು ದೊಡ್ಡ ಆಸರೆ. ಆದರೆ ಈಗ ಕಂಪನಿಗಳು ಎಂಬಿಎ ಮಾಡಿದವರನ್ನೂ ಅದೇ ಕುರ್ಚಿಗೆ ಕರೆಯುತ್ತವೆ. ಎಂಎಸ್‌ಡಬ್ಲ್ಯುನವರಿಗೆ ಹಿಡಿತ ಇರುವುದು ಕಾರ್ಮಿಕ ಕಲ್ಯಾಣದಲ್ಲಿ. 1948ರ ಕಾರ್ಖಾನೆ ಕಾಯ್ದೆ 500 ಕಾರ್ಮಿಕರಿದ್ದ ಕಡೆ ಕಲ್ಯಾಣ ಅಧಿಕಾರಿ ಇರಲೇಬೇಕು ಅಂದಿತ್ತು. ಹೊಸ ಕಾರ್ಮಿಕ ಸಂಹಿತೆ ಅದನ್ನು 250ಕ್ಕೆ ಇಳಿಸಿದೆ.

ವೈದ್ಯಕೀಯ, ಮನೋವೈದ್ಯಕೀಯ ತೆಗೆದುಕೊಳ್ಳುವವರು ಓದಲು ತಯಾರಿರಬೇಕು. ಸಮುದಾಯ ಅಭಿವೃದ್ಧಿಯವರು ಬಸ್ಸಿನಲ್ಲಿ ಕೂರಲು ತಯಾರಿರಬೇಕು.

ಕೆಲಸ ಸಿಗುತ್ತಾ? ಸಂಬಳ ಎಷ್ಟು?

ಸಿಗುತ್ತದೆ. ಸಂಬಳದ ವಿಷಯದಲ್ಲಿ ಸಿಹಿ ಮಾತು ಹೇಳುವುದಿಲ್ಲ.

ಪ್ರತಿ ಜಿಲ್ಲೆಯಲ್ಲೂ ಮಕ್ಕಳ ರಕ್ಷಣಾ ಘಟಕ ಇದೆ. ಮಕ್ಕಳ ರಕ್ಷಣೆಗೆ ಇರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದ ಮಾರ್ಗಸೂಚಿಯಲ್ಲಿ ಅಲ್ಲಿನ ಸಮಾಜ ಕಾರ್ಯಕರ್ತರಿಗೂ ಆಪ್ತ ಸಮಾಲೋಚಕರಿಗೂ ತಿಂಗಳಿಗೆ 18,536 ರೂಪಾಯಿ, ರಕ್ಷಣಾಧಿಕಾರಿಗೆ 27,804. ಅದೂ ಗುತ್ತಿಗೆ. ಐದು ವರ್ಷ ಓದಿದವರಿಗೆ ಇದು ಕಡಿಮೆ. ನನಗೆ ಇದರ ಬಗ್ಗೆ ಸಿಟ್ಟಿದೆ. ಪಕ್ಕದ ಮೇಜಿನಲ್ಲಿ ಕಾಯಂ ಗುಮಾಸ್ತರು ಹಾಯಾಗಿರುತ್ತಾರೆ. ಬಾಲ್ಯವಿವಾಹ ತಡೆಯಲು ರಾತ್ರಿ ಹನ್ನೊಂದಕ್ಕೆ ಜೀಪು ಹತ್ತುವವರು ವರ್ಷ ವರ್ಷ ಗುತ್ತಿಗೆ ಮುಂದುವರಿಯುತ್ತಾ ಅಂತ ಕಾಯುತ್ತಾರೆ.

ಬೇರೆ ಬಾಗಿಲುಗಳೂ ಇವೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ದೊಡ್ಡ ಆಸ್ಪತ್ರೆಗಳ ವೈದ್ಯಕೀಯ ಸಮಾಜ ಕಾರ್ಯಕರ್ತರ ಹುದ್ದೆ, ಎಚ್‌ಐವಿ ಪರೀಕ್ಷಾ ಕೇಂದ್ರದ ಆಪ್ತ ಸಮಾಲೋಚನೆ, ನೊಂದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರಗಳು, ಪರಿವೀಕ್ಷಣಾಧಿಕಾರಿ (ಪ್ರೊಬೇಶನ್ ಆಫೀಸರ್). ಖಾಸಗಿ ಸಂಸ್ಥೆಗಳಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಕೆಲಸ ಮಾಡುವ ವಿಜಿಕೆಕೆ, ಸರಗೂರಿನ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಸ್ವಸಹಾಯ ಗುಂಪುಗಳನ್ನು ಕಟ್ಟುವುದರಲ್ಲಿ ಮೊದಲಿಗರಾದ ಮೈರಾಡ, ಅಂಗವಿಕಲರ ಜೊತೆ 1959ರಿಂದ ಇರುವ ಬೆಂಗಳೂರಿನ ಎಪಿಡಿ, ಇವೆಲ್ಲ ಹೆಸರು ಕೇಳಿರಬಹುದು. ಇಂಥ ಕಡೆ ಎರಡು ವರ್ಷ ಕೆಲಸ ಕಲಿತವರಿಗೆ ಮುಂದೆ ದಾರಿ ಸುಲಭ.

2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2 ಶೇಕಡಾ ಸಾಮಾಜಿಕ ಕೆಲಸಕ್ಕೆ ಇಡಬೇಕು. ಆ ಸಿಎಸ್‌ಆರ್ ವಿಭಾಗಗಳಲ್ಲಿ ಸಂಬಳ ಚೆನ್ನಾಗಿದೆ, ಹುದ್ದೆ ಕಡಿಮೆ.

ನಿಮ್ಹಾನ್ಸ್‌ಗೆ ಹೋಗಬೇಕು ಅಂತ ಆಸೆ. ಹೇಗೆ?

ಎಂಎಸ್‌ಡಬ್ಲ್ಯು ಮುಗಿಸಿ ಅಲ್ಲಿನ ಮನೋವೈದ್ಯಕೀಯ ಸಮಾಜಕಾರ್ಯ ವಿಭಾಗದ ಪ್ರವೇಶ ಪರೀಕ್ಷೆ ಬರೆಯಬೇಕು. ಸೀಟು ಕಡಿಮೆ, ಪೈಪೋಟಿ ದೇಶದ ಮಟ್ಟದ್ದು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಮನೋವೈದ್ಯಕೀಯ ಸಮಾಜ ಕಾರ್ಯಕರ್ತ ಅನಿಸಿಕೊಳ್ಳಲು ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿಯ ಜೊತೆ ಎರಡು ವರ್ಷದ ಪೂರ್ಣಾವಧಿ ಎಂಫಿಲ್ ಬೇಕು. ತಮಾಷೆ ಏನೆಂದರೆ 2022ರಲ್ಲಿ ಯುಜಿಸಿ ಎಂಫಿಲ್ ಅನ್ನೇ ನಿಲ್ಲಿಸಿತು. ಕಾಯ್ದೆ ಕೇಳುವುದು ಒಂದು, ನಿಯಮ ಹೇಳುವುದು ಇನ್ನೊಂದು! ಆಮೇಲೆ ಈ ವಿಷಯಕ್ಕೆ ಕಾಲಾವಕಾಶ ಕೊಟ್ಟರು. ನೀವು ಅಲ್ಲಿಗೆ ತಲುಪುವ ಹೊತ್ತಿಗೆ ಕೋರ್ಸಿನ ಹೆಸರು ಬದಲಾಗಿರಬಹುದು, ಆ ವರ್ಷದ ಪ್ರಾಸ್ಪೆಕ್ಟಸ್ ನೋಡಿ.

ಮನೇಲಿ ಕಷ್ಟ. ದುಡ್ಡಿಗೆ ಏನು ಮಾಡೋದು?

ರಾಜ್ಯದ ಸ್ಕಾಲರ್‌ಶಿಪ್‌ಗಳಿಗೆಲ್ಲ ಎಸ್‌ಎಸ್‌ಪಿ ಪೋರ್ಟಲ್ ಒಂದೇ ಬಾಗಿಲು. ಜಾತಿ, ಆದಾಯ ಪ್ರಮಾಣಪತ್ರ ಜೂನ್‌ಗೇ ಮಾಡಿಸಿಟ್ಟುಕೊಳ್ಳಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ತಿಂಗಳ ಲೆಕ್ಕದಲ್ಲಿ ಹತ್ತು ತಿಂಗಳು ದುಡ್ಡು ಬರುತ್ತದೆ. ಹತ್ತನೇ ತರಗತಿ, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ವರ್ಷಕ್ಕೆ 30,000 ಕೊಡುತ್ತದೆ. ಅದು ಪದವಿ ಹಂತಕ್ಕೆ.

ಫೀಲ್ಡ್ ವರ್ಕ್‌ನ ಓಡಾಟದ ಖರ್ಚು ಯಾರೂ ಲೆಕ್ಕ ಹಾಕುವುದಿಲ್ಲ. ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಅದು ಇಳಿದಿದೆ. ಹುಡುಗರು ಬಸ್ ಪಾಸ್ ಮಾಡಿಸುವಾಗ ಫೀಲ್ಡ್‌ನ ಮಾರ್ಗವೂ ಸೇರುತ್ತದಾ ವಿಚಾರಿಸಿ.

ದೂರಶಿಕ್ಷಣದಲ್ಲಿ ಮಾಡಬಹುದಾ?

ಇಗ್ನೋದಲ್ಲಿ (ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ) ಬಿಎಸ್‌ಡಬ್ಲ್ಯು, ಎಂಎಸ್‌ಡಬ್ಲ್ಯು ಎರಡೂ ಇವೆ, ಅವರದ್ದರಲ್ಲೂ ಫೀಲ್ಡ್ ವರ್ಕ್ ಕಡ್ಡಾಯ. ಈಗಾಗಲೇ ಕೆಲಸದಲ್ಲಿದ್ದು ಪದವಿ ಬೇಕಾದವರಿಗೆ ಒಳ್ಳೆಯದು. ಪಿಯುಸಿ ಮುಗಿಸಿದ ಹುಡುಗರಿಗೆ ನಾನು ಹೇಳುವುದಿಲ್ಲ.

ಕೆಎಎಸ್, ಐಎಎಸ್, ಪಿಡಿಒ ಬರೆಯಬಹುದಾ?

ಯಾವ ಪದವಿ ಆದರೂ ನಡೆಯುವ ಪರೀಕ್ಷೆಗಳಿಗೆಲ್ಲ ಬಿಎಸ್‌ಡಬ್ಲ್ಯು ನಡೆಯುತ್ತದೆ. ಆದರೆ ಯುಪಿಎಸ್‌ಸಿಯ ಐಚ್ಛಿಕ ವಿಷಯಗಳಲ್ಲಿ ಸಮಾಜಕಾರ್ಯ ಇಲ್ಲ, ಸೋಷಿಯಾಲಜಿ ಇದೆ. ಮೇಷ್ಟ್ರಾಗಬೇಕು ಅಂದರೆ ಎಂಎಸ್‌ಡಬ್ಲ್ಯು ಆದ ಮೇಲೆ ಕಾಲೇಜು ಮೇಷ್ಟ್ರ ಅರ್ಹತಾ ಪರೀಕ್ಷೆ ಬರೆಯಬೇಕು, ದೇಶಮಟ್ಟದ ಎನ್‌ಇಟಿ ಅಥವಾ ರಾಜ್ಯದ ಕೆ-ಸೆಟ್. ಎರಡರಲ್ಲೂ ಸಮಾಜಕಾರ್ಯ ಒಂದು ವಿಷಯ.

ವಕೀಲರಿಗೆ, ಡಾಕ್ಟರಿಗೆ ಇರೋ ಹಾಗೆ ನಮಗೆ ಲೈಸೆನ್ಸ್ ಇದೆಯಾ? ಹೊರದೇಶಕ್ಕೆ ಹೋಗಬಹುದಾ?

ಎಲ್ಲ ಸಮಾಜ ಕಾರ್ಯಕರ್ತರಿಗೂ ಅನ್ವಯಿಸುವ ರಾಷ್ಟ್ರೀಯ ಪರಿಷತ್ತು ನಮ್ಮಲ್ಲಿ ಇಲ್ಲ. ಹಾಗಾಗಿಯೇ ಎರಡು ಕಂಬಳಿ ಹಂಚಿ ಫೋಟೋ ತೆಗೆಸಿಕೊಂಡವರೂ "ಸಮಾಜ ಸೇವಕರು" ಅಂತ ಫ್ಲೆಕ್ಸ್ ಹಾಕಿಸುತ್ತಾರೆ, ನಾವೂ ಅದೇ ಸಾಲಿನಲ್ಲಿ ನಿಲ್ಲುತ್ತೇವೆ. ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ವೈದ್ಯಕೀಯ, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ಮಾತ್ರ 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ಕಾಯ್ದೆಯ ಪಟ್ಟಿಗೆ ಸೇರಿಸಿದ್ದಾರೆ.

ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾಕ್ಕೆ ನಮ್ಮವರು ಹೋಗಿದ್ದಾರೆ. ಇಂಗ್ಲೆಂಡಿನಲ್ಲಿ ಸೋಷಿಯಲ್ ವರ್ಕ್ ಇಂಗ್ಲೆಂಡ್, ಐರ್ಲೆಂಡಿನಲ್ಲಿ ಕೋರು ಅನ್ನುವ ಸಂಸ್ಥೆಯಲ್ಲಿ ನೋಂದಣಿ ಆಗಬೇಕು. ಅವರು ಸಿಲಬಸ್ ಜೊತೆಗೆ ಮೇಲ್ವಿಚಾರಣೆಯಲ್ಲಿ ಮಾಡಿದ ಫೀಲ್ಡ್ ವರ್ಕ್‌ನ ವಿವರವನ್ನೂ ಕೇಳುತ್ತಾರೆ. ಅದಕ್ಕೇ ಹೇಳುವುದು, ಫೀಲ್ಡ್ ವರ್ಕ್ ಡೈರಿ, ಹಾಜರಿ ಪತ್ರ, ಸಹಿ ಆದ ಮೌಲ್ಯಮಾಪನ, ಯಾವುದನ್ನೂ ರದ್ದಿಗೆ ಹಾಕಬೇಡಿ. ಹತ್ತು ವರ್ಷದ ಮೇಲೆ ಬೇಕಾಗುತ್ತದೆ.

ದಿನಾ ಕಷ್ಟದ ಕಥೆ ಕೇಳಿ ಕೇಳಿ ತಲೆ ಕೆಡಲ್ವಾ?

ಕೆಡುತ್ತದೆ. ನಾನು ಎಂಎಸ್‌ಡಬ್ಲ್ಯು ಮೊದಲ ವರ್ಷದಲ್ಲಿ ಒಂದು ಕೇಸಿನಿಂದಾಗಿ ಎರಡು ವಾರ ಸರಿಯಾಗಿ ಊಟ ಮಾಡಲಿಲ್ಲ. 15 ವರ್ಷದ ಹುಡುಗಿ, ಮದುವೆ ತಡೆದೆವು ಅಂತ ಖುಷಿಪಟ್ಟಿದ್ದೆವು. ತಿಂಗಳ ಮೇಲೆ ಇನ್ನೊಂದು ಊರಿಗೆ ಕರೆದುಕೊಂಡು ಹೋಗಿ ಮಾಡಿಯೇ ಬಿಟ್ಟರು. ಐಸಿಯಲ್ಲಿ ನಾನು ಅತ್ತೆ. ಮೇಡಂ ಸಮಾಧಾನ ಮಾಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಒಂದು ತಿಂಗಳು ಆ ಮನೆಗೆ ಯಾರು ಯಾರು ಹೋಗಿದ್ರು, ಬರೀ" ಅಂದರು. ಬರೆಯಲು ಕೂತಾಗ ಗೊತ್ತಾಯಿತು, ಯಾರೂ ಹೋಗಿರಲಿಲ್ಲ. ನಾನೂ ಹೋಗಿರಲಿಲ್ಲ. ಕೇಸ್ ಮುಗಿಯಿತು ಅಂದುಕೊಂಡಿದ್ದೆವು.

ಅಳುವುದು ತಪ್ಪಲ್ಲ. ಅದನ್ನು ಮನೆಗೆ ಹೊತ್ತುಕೊಂಡು ಹೋಗದೆ ಸೂಪರ್‌ವೈಸರ್ ಮುಂದೆ ಇಳಿಸುವುದನ್ನು ಕಲಿಯಬೇಕು. ನಿಮ್ಮ ಸ್ವಂತ ಫೋನ್ ನಂಬರ್ ಎಲ್ಲರಿಗೂ ಕೊಡಬೇಡಿ. ಕೈಯಿಂದ ದುಡ್ಡು ಕೊಡಬೇಡಿ, ಒಮ್ಮೆ ಕೊಟ್ಟರೆ ನೀವು ಅವರಿಗೆ ಸಾಲ ಕೊಡುವವರ ಹಾಗೆ ಕಾಣಿಸಲು ಶುರುವಾಗುತ್ತೀರಿ. ಆಗದ ಮಾತು ಕೊಡಬೇಡಿ.

ಹುಡುಗನಿಗೆ ಎಂಎಸ್‌ಡಬ್ಲ್ಯು ಅಂದ್ರೆ ಹೆಣ್ಣು ಕೊಡ್ತಾರಾ?

ನನಗೆ ಕೊಟ್ಟರು. "ಎನ್‌ಜಿಒ" ಅಂದಾಗ ಮಾವನವರ ಮುಖ ಸಣ್ಣದಾಗಿತ್ತು, ಅದು ನಿಜ.

ಮೊದಲ ದಿನ ಫೀಲ್ಡ್‌ಗೆ ಏನು ತಗೊಂಡು ಹೋಗಬೇಕು?

ಕಾಲೇಜಿನ ಪತ್ರ, ಐಡಿ ಕಾರ್ಡ್, ನೀರಿನ ಬಾಟಲಿ, ಛತ್ರಿ. ಶೂ ಬೇಡ, ಬಿಚ್ಚಲು ಸುಲಭವಾದ ಚಪ್ಪಲಿ ಇರಲಿ. ದಿನಕ್ಕೆ ಹತ್ತು ಮನೆ ಹೊಸ್ತಿಲು ದಾಟಬೇಕು. ನೋಟ್‌ಬುಕ್ ಚೀಲದಲ್ಲೇ ಇರಲಿ, ಜನ ಮಾತಾಡುವಾಗ ತೆಗೆದು ಬರೆಯಲು ಶುರು ಮಾಡಿದರೆ ಅವರ ಬಾಯಿ ಕಟ್ಟುತ್ತದೆ. ಬಸ್ಸಿನಲ್ಲಿ ಕೂತು ಬರೆಯಿರಿ, ಮನೆಗೆ ಹೋಗಿ ಬರೆದರೆ ಅರ್ಧ ಮರೆತಿರುತ್ತದೆ. ಯಾರಾದರೂ ಟೀ ಕೊಟ್ಟರೆ ಬೇಡ ಅನ್ನಬೇಡಿ. ಸಕ್ಕರೆ ಜಾಸ್ತಿ ಇರುತ್ತದೆ, ಕುಡಿಯಿರಿ.